ಎರಡನೆಯ ಅವಧಿಯ ಪ್ರಶ್ನೆ: ಜರ್ಸಿ ದ್ವೀಪದ ನೆರವು ಆಯೋಗದಲ್ಲಿ ಗೌರವ ಸದಸ್ಯರ ಮರುನೇಮಕ



ಸಾರ್ವಜನಿಕ ಆಡಳಿತದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಸಂವಿಧಾನ, ಚುನಾವಣೆ, ಬಜೆಟ್ಟುಗಳನ್ನೇ ಎತ್ತಿಕೊಳ್ಳುತ್ತೇವೆ. ಇವತ್ತಿನ ನನ್ನ ವಿಷಯ ಅವುಗಳ ಪಕ್ಕದಲ್ಲಿ ತೀರ ಸಣ್ಣದಾಗಿ ಕಾಣುತ್ತದೆ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ, ಫ್ರಾನ್ಸಿನ ಕರಾವಳಿಗೆ ಹತ್ತಿರವಾಗಿ ಜರ್ಸಿ ಎಂಬ ದ್ವೀಪವಿದೆ. ಅಲ್ಲಿನ ತೆರಿಗೆದಾರರ ಹಣದಿಂದ ಬಡ ದೇಶಗಳಿಗೆ ನೆರವು ಕೊಡಲು ಒಂದು ಆಯೋಗವಿದೆ. ಆ ಆಯೋಗದಲ್ಲಿ ಸಂಬಳವಿಲ್ಲದೆ ದುಡಿಯುವ ಸದಸ್ಯರೊಬ್ಬರ ಅವಧಿ ಮುಗಿದಾಗ ಅವರನ್ನೇ ಮತ್ತೆ ನೇಮಿಸಬೇಕೆ? ನೇಮಿಸುವುದಾದರೆ ಯಾವ ಆಧಾರದ ಮೇಲೆ? ನನ್ನ ಪ್ರಶ್ನೆ ಇಷ್ಟೇ. ವಿದೇಶಿ ನೆರವು ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ವಾಗ್ವಾದಕ್ಕೆ ನಾನು ಇಳಿಯುವುದಿಲ್ಲ. ಮೊದಲು ಆಯೋಗದ ರಚನೆಯನ್ನು ಹೇಳಿ, ಆಮೇಲೆ ನೆರವಿನ ಕೆಲಸಕ್ಕೆ ತಗಲುವ ಕಾಲವನ್ನೂ ಸಂಬಳವಿಲ್ಲದ ಹುದ್ದೆಯ ಹೊಣೆಗಾರಿಕೆಯನ್ನೂ ನೋಡಿ, ಕೊನೆಗೆ ಆಕ್ಷೇಪಗಳಿಗೆ ಬರುತ್ತೇನೆ. ನನ್ನ ವಾದವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಂಥ ಸದಸ್ಯರಿಗೆ ಎರಡನೆಯ ಅವಧಿ ಸಿಗುವುದು ಬಹುಮಟ್ಟಿಗೆ ಸರಿ. ಆದರೆ ಅದು ಉಪಚಾರದ ಮಾತಾಗಿ ಸಿಗಬಾರದು, ಲೆಕ್ಕ ಒಪ್ಪಿಸಿದ ಮೇಲೆ ಸಿಗಬೇಕು.

ಜರ್ಸಿಯ ವಿಸ್ತೀರ್ಣ ಸುಮಾರು 120 ಚದರ ಕಿಲೋಮೀಟರು. 2021ರ ಜನಗಣತಿಯಂತೆ ಜನಸಂಖ್ಯೆ 1,03,267, ಅಂದರೆ ನಮ್ಮಲ್ಲಿನ ಒಂದು ಸಾಧಾರಣ ತಾಲ್ಲೂಕಿಗಿಂತ ಕಡಿಮೆ. ಅದು ಬ್ರಿಟಿಷ್ ರಾಜಮನೆತನದ ಅಧೀನದಲ್ಲಿದೆ, ಆದರೆ ಬ್ರಿಟನ್ನಿನ ಭಾಗವಲ್ಲ. ಅದರ ತೆರಿಗೆ ಅದರದ್ದೇ, ಕಾನೂನು ಅದರದ್ದೇ. 49 ಸದಸ್ಯರ ಅದರ ಶಾಸನಸಭೆಗೆ ಸ್ಟೇಟ್ಸ್ ಅಸೆಂಬ್ಲಿ ಎಂದು ಹೆಸರು. ವಿದೇಶಿ ನೆರವಿನ ಕೆಲಸ ಅಲ್ಲಿ 1968ರಲ್ಲಿ ಒಂದು ಸಮಿತಿಯಾಗಿ ಶುರುವಾಯಿತು. 2005ರ ಕಾನೂನು ಅದನ್ನು ಸ್ವತಂತ್ರ ಆಯೋಗವನ್ನಾಗಿ ಮಾಡಿತು. ಆಯೋಗದಲ್ಲಿ ಆರು ಕಮಿಷನರುಗಳು: ಮೂವರು ಶಾಸನಸಭೆಯ ಸದಸ್ಯರು, ಮೂವರು ಹೊರಗಿನವರು. ಅಧ್ಯಕ್ಷತೆ ಸಭೆಯ ಸದಸ್ಯರದ್ದು. ಹೊರಗಿನ ಮೂವರಿಗೆ ಸಂಬಳವಿಲ್ಲ, ಅವರನ್ನು ನೇಮಿಸುವುದು ಶಾಸನಸಭೆ. ಪಕ್ಕದ ಗರ್ನ್ಸಿ ದ್ವೀಪದ ನೆರವು ಆಯೋಗ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಅಲ್ಲಿ ಅಧ್ಯಕ್ಷರು ಮಾತ್ರ ಸದನದವರಾಗಿರಬೇಕು, ಉಳಿದ ಕಮಿಷನರುಗಳು ಆಗಿರಬೇಕೆಂದೇನೂ ಇಲ್ಲ.

ಹೊರಗಿನವರು ಏಕೆ ಬೇಕು? ಇದಕ್ಕೆ ಉತ್ತರ ಬೇಕಾದರೆ ದೊಡ್ಡ ದೇಶದ ಒಂದು ಪ್ರಕರಣ ನೋಡಬೇಕು. 1991ರಲ್ಲಿ ಬ್ರಿಟಿಷ್ ಸರ್ಕಾರ ಮಲೇಷ್ಯಾದ ಪರ್ಗಾವು ಅಣೆಕಟ್ಟಿಗೆ ನೆರವಿನ ಬಾಬಿನಲ್ಲಿ 23.4 ಕೋಟಿ ಪೌಂಡ್ ಒಪ್ಪಿಕೊಂಡಿತು. ಯೋಜನೆಯಿಂದ ಬರುವ ವಿದ್ಯುತ್ತು ದುಬಾರಿ, ಇದು ನೆರವಿನ ಹಣದ ದುರುಪಯೋಗ ಎಂದು ಇಲಾಖೆಯ ಹಿರಿಯ ಅಧಿಕಾರಿಯೇ ಬರವಣಿಗೆಯಲ್ಲಿ ಆಕ್ಷೇಪಿಸಿದ್ದರು. ಆದರೂ ಹಣ ಹೋಯಿತು, ಏಕೆಂದರೆ ಹಿಂದೆ 1988ರ ಶಸ್ತ್ರಾಸ್ತ್ರ ಮಾರಾಟದ ಒಪ್ಪಂದವೊಂದರ ನೆರಳಿತ್ತು. 1994ರ ನವೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ಈ ವೆಚ್ಚ ಕಾನೂನುಬಾಹಿರ ಎಂದು ತೀರ್ಪಿತ್ತಿತು. ಕೊಡುವ ಸರ್ಕಾರಕ್ಕೆ ತನ್ನದೇ ವ್ಯಾಪಾರದ ಹಿತ, ಪಕ್ಷದ ಹಿತ, ರಾಜತಾಂತ್ರಿಕ ಹಿತ ಇದ್ದೇ ಇರುತ್ತವೆ. ನೆರವು ಪಡೆಯುವ ಹಳ್ಳಿಯ ಜನಕ್ಕೆ ಕೊಡುವ ದೇಶದಲ್ಲಿ ಮತವಿಲ್ಲ. ಹಣ ದಾರಿ ತಪ್ಪಿದರೆ ಕೂಗೆಬ್ಬಿಸಲು ಅವರು ಆ ಸದನದ ಗ್ಯಾಲರಿಗೆ ಬಂದು ಕೂರುವುದಿಲ್ಲ. ಬೇರೆ ಇಲಾಖೆಗಳ ತಪ್ಪನ್ನು ಮತದಾರ ತಾನೇ ಉಂಡು ತಿಳಿಯುತ್ತಾನೆ. ರಸ್ತೆ ಕೆಟ್ಟರೆ ಅವನ ಗಾಡಿಯೇ ಗುಂಡಿಗೆ ಬೀಳುತ್ತದೆ. ನೆರವಿನ ಹಣ ಪೋಲಾದರೆ ಅವನಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ತೀರ್ಮಾನದ ಮೇಜಿನಲ್ಲಿ ಚುನಾವಣೆಯ ಹಂಗಿಲ್ಲದ ಕೆಲವರು ಕೂತಿರಬೇಕೆಂಬ ಏರ್ಪಾಡು ಬಂದಿದೆ. ಅವರು ಇದ್ದರೆ ಪರ್ಗಾವು ಆಗುವುದೇ ಇಲ್ಲವೆಂದು ನಾನು ಹೇಳಲಾರೆ. ಅದನ್ನು ಸದ್ದಿಲ್ಲದೆ ಮಾಡುವುದು ಮಾತ್ರ ಕಷ್ಟವಾಗುತ್ತದೆ.

ಇಲ್ಲಿಂದ ನಾನು ಕಾಲದ ಪ್ರಶ್ನೆಗೆ ಬರುತ್ತೇನೆ. ನನ್ನ ವಾದದ ಬಹುಭಾಗ ಇದರ ಮೇಲೆಯೇ ನಿಂತಿದೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಸಭೆ ಅನುಮತಿ ಕೊಡಬೇಕು. ಜರ್ಸಿ ಎಂಬ ಹೆಸರು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಡೈರಿಗೆ ಹಾಲು ಹಾಕುವ ಪ್ರತಿ ಮನೆಯಲ್ಲೂ ಜರ್ಸಿ ಹಸುವಿನ ಮಾತು ಬರುತ್ತದೆ. ಅದು ಒಂದು ದ್ವೀಪದ ಹೆಸರೆಂದು ಗೊತ್ತಿಲ್ಲದವರೂ ಅದರ ಹಾಲಿನ ಫ್ಯಾಟು ಎಷ್ಟೆಂದು ಬಲ್ಲರು. ಆ ದ್ವೀಪದವರು ಹದಿನೆಂಟನೆಯ ಶತಮಾನದಲ್ಲೇ ಹೊರಗಿನ ದನ ತರುವುದನ್ನು ನಿಷೇಧಿಸಿ, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ತಳಿಯನ್ನು ಶುದ್ಧವಾಗಿ ಉಳಿಸಿಕೊಂಡರು. ಹೊರಗಿನ ವೀರ್ಯ ತರಿಸಲು ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ. ಇವತ್ತು ಆಯೋಗ ತನ್ನ ಕೆಲಸಕ್ಕೆ ಆರಿಸಿಕೊಂಡಿರುವ ಮೂರು ಮುಖ್ಯ ಕ್ಷೇತ್ರಗಳಲ್ಲಿ ಹೈನುಗಾರಿಕೆ ಒಂದು. ಉಳಿದೆರಡು, ವನ್ಯಜೀವಿ ಸಂರಕ್ಷಣೆಗೆ ಹೊಂದಿಕೊಂಡ ಜೀವನೋಪಾಯ ಮತ್ತು ಬಡವರಿಗೆ ಹಣಕಾಸು ಸೇವೆ. ಮೂರೂ ದ್ವೀಪಕ್ಕೆ ಕೈಬಂದ ವಿದ್ಯೆಗಳೇ. ಹಸು ಸರಿಯೇ ಸರಿ. ಜೆರಾಲ್ಡ್ ಡರೆಲ್ 1959ರಲ್ಲಿ ಅಲ್ಲಿ ಕಟ್ಟಿದ ಪ್ರಾಣಿಸಂಗ್ರಹಾಲಯ ಸಂರಕ್ಷಣೆಗೆ ಹೆಸರುವಾಸಿ. ಇನ್ನು ಬ್ಯಾಂಕು, ಟ್ರಸ್ಟುಗಳ ವ್ಯವಹಾರ ದ್ವೀಪದ ಮುಖ್ಯ ಆದಾಯ. 1833ರಷ್ಟು ಹಳೆಯದಾದ ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ಸಂಘದ ಜೊತೆ ಸೇರಿ ಆಯೋಗ ರುವಾಂಡಾದಂಥ ದೇಶಗಳಲ್ಲಿ ಜರ್ಸಿ ತಳಿಯ ಕೃತಕ ಗರ್ಭಧಾರಣೆಗೂ ಅದರ ತರಬೇತಿಗೂ ಹಣ ಕೊಟ್ಟಿದೆ.

ಈ ಕೆಲಸ ಎಷ್ಟು ನಿಧಾನದ್ದೆಂದು ದನ ಕಟ್ಟಿದವರಿಗೆ ನಾನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ ಹಸು ಬೆದೆಗೆ ಬಂದಿದೆ ಎನ್ನಿ. ಬೆದೆ ಇರುವುದು ಒಂದು ದಿನಕ್ಕಿಂತ ಕಡಿಮೆ ಹೊತ್ತು. ಮನೆಯ ಹೆಂಗಸು ಅದನ್ನು ಗುರುತಿಸಬೇಕು, ಸುದ್ದಿ ಮುಟ್ಟಿಸಬೇಕು, ತರಬೇತಿ ಪಡೆದವನು ಹೊತ್ತಿಗೆ ಸರಿಯಾಗಿ ಬರಬೇಕು. ಅವನ ಕ್ಯಾನಿನಲ್ಲಿ ದ್ರವ ಸಾರಜನಕ ಆರಿಹೋಗಿರಬಾರದು. ಮೈನಸ್ 196 ಡಿಗ್ರಿಯಲ್ಲಿದ್ದ ವೀರ್ಯದ ಕಡ್ಡಿಯನ್ನು ಬೆಚ್ಚನೆಯ ನೀರಿನಲ್ಲಿ ಹದವಾಗಿ ಕರಗಿಸಿ ಕೂಡಲೆ ಬಳಸಬೇಕು. ಗಬ್ಬ ಕಟ್ಟಿದರೆ ಒಂಬತ್ತು ತಿಂಗಳಿಗೆ ಕರು. ಅದರಲ್ಲಿ ಅರ್ಧಕ್ಕರ್ಧ ಹೋರಿಗರು. ಹೆಣ್ಣುಗರುವಾದರೆ ಅದು ಬೆಳೆದು ಕಡಸಾಗಿ, ತಾನೂ ಬೆದೆಗೆ ಬಂದು, ಗಬ್ಬವಾಗಿ, ಚೊಚ್ಚಲು ಈಯುವ ಹೊತ್ತಿಗೆ ಇನ್ನೆರಡು, ಎರಡೂವರೆ ವರ್ಷ. ಅಂದರೆ ಎಲ್ಲವೂ ಕೂಡಿಬಂದರೂ ಹಣ ಮಂಜೂರಾದ ದಿನದಿಂದ ಆ ತಳಿಯ ಹಾಲು ಪಾತ್ರೆಗೆ ಬೀಳುವುದಕ್ಕೆ ಮೂರು ವರ್ಷ. ಅದಕ್ಕೆ ಮುಂಚೆ ಅರ್ಜಿ ಪರಿಶೀಲನೆ, ಪಾಲುದಾರ ಸಂಸ್ಥೆಯ ಆಯ್ಕೆ, ಒಪ್ಪಂದ ಎಂದು ಒಂದಷ್ಟು ತಿಂಗಳು. ಆಮೇಲೆ ಹಾಲನ್ನು ಕೊಳ್ಳುವವರು ಯಾರು, ಹಣ ಮನೆಯೊಡತಿಯ ಕೈಗೆ ಬಂತೋ ಗಂಡನ ಕೈಗೋ, ಮೇವು ಸಾಲುತ್ತದೆಯೋ ಇಲ್ಲವೋ ಎಂಬ ನಿಜವಾದ ಪ್ರಶ್ನೆಗಳು.

ಈಗ ಕಮಿಷನರ್ ಒಬ್ಬರ ಅವಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೆಲವೇ ವರ್ಷಗಳ ಅವಧಿಯಲ್ಲಿ ಮೊದಲ ವರ್ಷ ಕಡತ ಓದುವುದನ್ನು ಕಲಿಯುವುದರಲ್ಲೇ ಕಳೆಯುತ್ತದೆ. ಎರಡನೆಯ ವರ್ಷ ಅವರು ಧೈರ್ಯವಾಗಿ ಒಂದು ಯೋಜನೆಗೆ ಕೈ ಎತ್ತುತ್ತಾರೆ. ಅದರ ಫಲವೋ ವಿಫಲವೋ ಕಣ್ಣಿಗೆ ಬೀಳುವ ಹೊತ್ತಿಗೆ ಅವರು ಮನೆಯಲ್ಲಿರುತ್ತಾರೆ. ಅಂಥವರಿಗೆ ತಾವು ಕೊಟ್ಟ ಹಣದ ಗತಿಯೇ ಗೊತ್ತಾಗುವುದಿಲ್ಲ, ಗೊತ್ತಾಗದ ಮೇಲೆ ಅವರಿಂದ ಮುಂದಿನವರು ಕಲಿಯುವುದಾದರೂ ಏನು? ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಸದನದಿಂದ ಬರುವ ಮೂವರು ಚುನಾವಣೆಯ ಜೊತೆ ಬಂದು ಹೋಗುವವರು. ಜರ್ಸಿಯಲ್ಲಿ ಸಾರ್ವತ್ರಿಕ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ನಡುವೆ 2024ರ ಜನವರಿಯಲ್ಲಿ ಅವಿಶ್ವಾಸ ನಿರ್ಣಯದಿಂದ ಸರ್ಕಾರವೇ ಬದಲಾಯಿತು. ಹೀಗಿರುವಾಗ ಒಂದು ಸಂಸ್ಥೆಗೆ ಐದು ವರ್ಷದ ಹಿಂದೆ ಕೈ ಸುಟ್ಟುಕೊಂಡ ನೆನಪು ಉಳಿಯಬೇಕಾದರೆ ಅದು ಬಹುಮಟ್ಟಿಗೆ ಹೊರಗಿನ ಸದಸ್ಯರಲ್ಲೇ ಉಳಿಯಬೇಕು. ಎರಡನೆಯ ಅವಧಿಯ ಪರವಾಗಿ ನನಗೆ ಕಾಣುವ ಬಲವಾದ ಕಾರಣ ಇದು. ಸೇವೆಗೆ ಕೃತಜ್ಞತೆ ಎಂಬ ಕಾರಣವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೃತಜ್ಞತೆಗೆ ಹಾರ ತುರಾಯಿ ಸಾಕು.

ಇಷ್ಟು ಹೇಳಿದ ಮೇಲೆ ಮರುನೇಮಕ ತಾನಾಗಿಯೇ ಆಗಲಿ ಎಂದು ವಾದಿಸಿದಂತೆ ಕೇಳಿಸಬಹುದು. ಹಾಗಲ್ಲ. ಹೊಣೆಗಾರಿಕೆಯ ಮಾತು ಬರುವುದು ಇಲ್ಲಿಯೇ. ಸಂಬಳ ಪಡೆಯುವ ನೌಕರನ ಮೇಲೆ ಮೇಲಧಿಕಾರಿ ಇರುತ್ತಾನೆ, ವಾರ್ಷಿಕ ವರದಿ ಇರುತ್ತದೆ, ಬಡ್ತಿಯ ಆಸೆ ಇರುತ್ತದೆ. ಚುನಾಯಿತ ಪ್ರತಿನಿಧಿಗೆ ಮತದಾರನ ಭಯವಿರುತ್ತದೆ. ಗೌರವ ಸದಸ್ಯರಿಗೆ ಇವು ಯಾವುವೂ ಇಲ್ಲ. ಅವರನ್ನು ಯಾರಾದರೂ ಅಧಿಕೃತವಾಗಿ ಕೂರಿಸಿ "ಏನು ಮಾಡಿದಿರಿ?" ಎಂದು ಕೇಳಬಹುದಾದ ಸಂದರ್ಭ ಒಂದೇ, ಅವಧಿ ಮುಗಿಯುವ ಸಂದರ್ಭ. ಅದನ್ನೂ ಕೈ ಎತ್ತಿ ಮುಗಿಸಿಬಿಟ್ಟರೆ ಕೇಳುವವರೇ ಇಲ್ಲದ ಅಧಿಕಾರವೊಂದು ಹುಟ್ಟುತ್ತದೆ, ಅದೂ ಸಜ್ಜನರ ಕೈಯಲ್ಲಿ ಹುಟ್ಟುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬ್ರಿಟನ್ನಿನ ಸಾರ್ವಜನಿಕ ನೇಮಕಗಳ 2016ರ ಸಂಹಿತೆ ಈ ಅಪಾಯವನ್ನು ಗುರುತಿಸಿದೆ. ಮರುನೇಮಕ ತಾನಾಗಿ ಸಿಗುವ ಹಕ್ಕಲ್ಲ, ಪ್ರತಿಯೊಂದನ್ನೂ ಅದರದರ ಯೋಗ್ಯತೆಯ ಮೇಲೆ ನೋಡಬೇಕು, ಎರಡು ಅವಧಿಗಿಂತ ಹೆಚ್ಚು ಅಥವಾ ಒಂದೇ ಹುದ್ದೆಯಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಇರದಿರುವುದು ಸಾಮಾನ್ಯ ನಿಯಮವಾಗಿರಬೇಕು ಎನ್ನುತ್ತದೆ. ಈ ಸಂಹಿತೆ ಜರ್ಸಿಯನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ಹಿಂದಿನ ತಿಳಿವಳಿಕೆ ಎಲ್ಲಿಗಾದರೂ ಸಲ್ಲುತ್ತದೆ.

ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಕಿಡ್ಸ್ ಕಂಪನಿ ಎಂಬ ಮಕ್ಕಳ ಸೇವಾಸಂಸ್ಥೆಯ ಕಥೆ ಇದೆ. 1996ರಲ್ಲಿ ಹುಟ್ಟಿ, ಸರ್ಕಾರದಿಂದ ಕೋಟ್ಯಂತರ ಪೌಂಡ್ ಅನುದಾನ ಪಡೆದ ಈ ಸಂಸ್ಥೆ 2015ರ ಆಗಸ್ಟಿನಲ್ಲಿ ಬಾಗಿಲು ಮುಚ್ಚಿತು. ಅದರ ಟ್ರಸ್ಟಿಗಳು ಸಂಬಳವಿಲ್ಲದವರು, ಸಮಾಜದಲ್ಲಿ ಹೆಸರಿದ್ದವರು. ಅಧ್ಯಕ್ಷರು ಹತ್ತು ವರ್ಷಕ್ಕೂ ಮೀರಿ ಅದೇ ಕುರ್ಚಿಯಲ್ಲಿದ್ದರು. ಟ್ರಸ್ಟಿಗಳು ತಮ್ಮ ಕರ್ತವ್ಯದಲ್ಲಿ ಸೋತರೆಂದು ಸಂಸದೀಯ ಸಮಿತಿ 2016ರಲ್ಲಿ ಕಟುವಾಗಿ ಬರೆಯಿತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ಅವರನ್ನು ನಿರ್ದೇಶಕ ಸ್ಥಾನಗಳಿಗೆ ಅನರ್ಹಗೊಳಿಸಬೇಕೆಂಬ ಸರ್ಕಾರದ ಕಡೆಯ ಅರ್ಜಿಯನ್ನು 2021ರಲ್ಲಿ ಹೈಕೋರ್ಟು ತಳ್ಳಿಹಾಕಿತು, ಅವರ ಪ್ರಾಮಾಣಿಕತೆಯ ಬಗ್ಗೆ ಒಳ್ಳೆಯ ಮಾತನ್ನೇ ಆಡಿತು. ನನಗೆ ಈ ಎರಡೂ ತೀರ್ಮಾನಗಳು ಒಟ್ಟಿಗೆ ಪಾಠ ಹೇಳುವಂತೆ ಕಾಣುತ್ತವೆ. ಕೆಟ್ಟವರಲ್ಲದವರೂ ದೀರ್ಘಕಾಲ ಒಂದೇ ಕಡೆ ಕೂತರೆ ತಮ್ಮ ಸಂಸ್ಥೆಯನ್ನು ಪ್ರೀತಿಸತೊಡಗುತ್ತಾರೆ. ಪ್ರೀತಿಸುವವರು ಲೆಕ್ಕ ಕೇಳುವುದು ಕಷ್ಟ.

ಹಾಗಾದರೆ ಮರುನೇಮಕದ ಹೊತ್ತಿಗೆ ಏನನ್ನು ಪರಿಶೀಲಿಸಬೇಕು? ಹಾಜರಾತಿಯನ್ನು ನೋಡುವುದು ಸುಲಭ, ಎಲ್ಲರೂ ನೋಡುತ್ತಾರೆ. ನಾನು ಮುಖ್ಯವಾಗಿ ನೋಡಬಯಸುವುದು ಆ ಸದಸ್ಯರು ಯಾವುದಕ್ಕೆ ಬೇಡ ಎಂದರು ಎಂಬುದನ್ನು. ನೆರವು ಕೊಡುವ ಸಂಸ್ಥೆಯಲ್ಲಿ ಹೂಂ ಎನ್ನುವುದು ಸುಲಭದ ಕೆಲಸ. ಅರ್ಜಿಯಲ್ಲಿ ಮಕ್ಕಳ ಚಿತ್ರವಿರುತ್ತದೆ, ಬಾವಿಯ ಚಿತ್ರವಿರುತ್ತದೆ, ಹಣವೂ ತನ್ನದಲ್ಲ. ಆ ಬಾವಿಯ ಪಂಪು ಕೆಟ್ಟರೆ ರಿಪೇರಿ ಯಾರದ್ದು ಎಂದು ಕೇಳಿ ಅರ್ಜಿಯನ್ನು ವಾಪಸು ಕಳಿಸಿದವರು ಎಷ್ಟು ಮಂದಿ? ಇನ್ನೊಂದು ಸಂಗತಿ ಹಿತಾಸಕ್ತಿಯದು. ಒಂದು ಲಕ್ಷ ಜನರ ದ್ವೀಪದಲ್ಲಿ ಬ್ಯಾಂಕಿನವರು, ಚರ್ಚಿನವರು, ಸೇವಾಸಂಸ್ಥೆಯವರು, ಶಾಸಕರು ಎಲ್ಲರೂ ಒಬ್ಬರಿಗೊಬ್ಬರು ಪರಿಚಿತರೇ. ಅರ್ಜಿ ಹಾಕಿದ ಸಂಸ್ಥೆಯ ಸ್ಥಳೀಯ ಶಾಖೆಯಲ್ಲಿ ಕಮಿಷನರರ ಬೀಗರೋ ಗೆಳೆಯರೋ ಇರುವುದು ಅಪರಾಧವಲ್ಲ. ಅದನ್ನು ಮೊದಲೇ ಹೇಳಿ ಆ ಚರ್ಚೆಯ ಹೊತ್ತಿಗೆ ಹೊರಗೆ ಹೋದರೋ ಇಲ್ಲವೋ ಎಂಬುದು ನಡಾವಳಿಯಲ್ಲಿ ದಾಖಲಾಗಿರಬೇಕು. ಮರುನೇಮಕದ ಪ್ರಸ್ತಾವದ ಜೊತೆ ಸದನಕ್ಕೆ ಹೋಗುವ ವರದಿಯಲ್ಲಿ ವಿದ್ಯಾರ್ಹತೆ, ಹಿಂದಿನ ಹುದ್ದೆಗಳ ಪಟ್ಟಿಗಿಂತ ಈ ಎರಡು ಸಂಗತಿಗಳ ಬಗ್ಗೆ ಎರಡು ಪ್ಯಾರಾಗಳು ಹೆಚ್ಚು ಉಪಯುಕ್ತ.

ಇನ್ನು ಆಕ್ಷೇಪಗಳಿಗೆ ಬರೋಣ. ಪುಕ್ಕಟೆ ದುಡಿಯುವವರನ್ನು ಹೀಗೆ ಪ್ರಶ್ನೆ ಮಾಡಿದರೆ ನಾಳೆ ಯಾರು ಬರುತ್ತಾರೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ, ಆದರೆ ಹಣ ಅವರದ್ದಲ್ಲ ಎಂಬುದನ್ನು ಈ ಮಾತು ಮರೆಯುತ್ತದೆ. ತನ್ನ ದುಡಿಮೆಯನ್ನು ದಾನ ಕೊಟ್ಟವನಿಗೆ ಅನ್ಯರ ದುಡ್ಡಿನ ಮೇಲೆ ಸ್ವಾತಂತ್ರ್ಯ ಬರುವುದಿಲ್ಲ. ನಿಜವಾಗಿ ಕೆಲಸ ಮಾಡಿದವರಿಗೆ ಪ್ರಶ್ನೆ ಅವಮಾನವಾಗಿಯೂ ಕಾಣುವುದಿಲ್ಲ. ತಾನು ಓದಿದ್ದನ್ನು ಇನ್ನೊಬ್ಬರೂ ಓದಿ ಬಂದಿದ್ದಾರೆಂದು ಅವರಿಗೆ ಸಂತೋಷವೇ ಆಗುತ್ತದೆ.

ಎರಡನೆಯ ಆಕ್ಷೇಪ ನನಗೆ ಹೆಚ್ಚು ತೊಂದರೆ ಕೊಡುವಂಥದು. ಸಂಬಳವಿಲ್ಲದ ಹುದ್ದೆಗೆ ಬರುವವರು ಯಾರು? ನಿವೃತ್ತಿ ವೇತನವೋ ಆಸ್ತಿಯೋ ಇರುವವರು, ಬಿಡುವು ಇರುವವರು. ಪಾಳಿಯಲ್ಲಿ ದುಡಿಯುವ ದಾದಿಗೆ, ಚಿಕ್ಕ ಮಕ್ಕಳಿರುವ ತಾಯಿಗೆ, ದ್ವೀಪದ ಹೋಟೆಲುಗಳಲ್ಲಿ ಹೊಲಗಳಲ್ಲಿ ದುಡಿಯಲು ಬಂದ ವಲಸಿಗರಿಗೆ ಇದು ದೂರದ ಮಾತು. ಅದೇ ಮುಖಗಳನ್ನು ಮತ್ತೆ ಮತ್ತೆ ನೇಮಿಸಿದರೆ ಬಾಗಿಲು ಇನ್ನಷ್ಟು ಇರುಕಾಗುತ್ತದೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪ್ರಯಾಣ, ಮಕ್ಕಳ ಪಾಲನೆ, ಕಳೆದುಕೊಂಡ ಕೂಲಿ ಇವುಗಳ ವೆಚ್ಚ ಭರಿಸುವುದರಿಂದ ಸ್ವಲ್ಪ ಮಟ್ಟಿಗೆ ಸರಿಹೋಗಬಹುದು. ಮೂರು ಕುರ್ಚಿಗಳ ಅವಧಿ ಬೇರೆ ಬೇರೆ ವರ್ಷಗಳಲ್ಲಿ ಮುಗಿಯುವಂತೆ ಜೋಡಿಸಿದರೆ ನೆನಪೂ ಉಳಿಯುತ್ತದೆ, ಹೊಸಬರಿಗೆ ಜಾಗವೂ ಸಿಗುತ್ತದೆ. ಆದರೆ ಹೊಸಬರು ಬೇಕೆಂಬ ಕಾರಣಕ್ಕೆ ಕೆಲಸ ಕಲಿತವರನ್ನು ಮೊದಲ ಅವಧಿಯ ಕೊನೆಗೇ ಕಳಿಸುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ಆಗ ಎಲ್ಲರೂ ಸದಾ ಹೊಸಬರೇ ಆಗಿ, ತೀರ್ಮಾನವೆಲ್ಲ ಕಚೇರಿಯ ಸಿಬ್ಬಂದಿಯದ್ದಾಗುತ್ತದೆ.

ಮೂರನೆಯ ಆಕ್ಷೇಪವೂ ಅದನ್ನೇ ಹಿಡಿದು ಬರುತ್ತದೆ. ಪರಿಣತ ಸಿಬ್ಬಂದಿ ಇರುವಾಗ ಗೌರವ ಸದಸ್ಯರ ನೆನಪು ಏಕೆ ಬೇಕು ಎನ್ನುವವರಿದ್ದಾರೆ. ಜರ್ಸಿ ಆಯೋಗದ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ಸೈಮನ್ ಬೋಸ್ ಅಂಥ ಪರಿಣತರು. ಆಯೋಗದ ಇವತ್ತಿನ ಸ್ವರೂಪದಲ್ಲಿ ಅವರ ಪಾಲು ದೊಡ್ಡದು. ಅವರು 2024ರ ಜುಲೈನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಒಬ್ಬ ಸಮರ್ಥರ ಮೇಲೆ ಎಲ್ಲ ಭಾರ ಬಿದ್ದರೆ ಸಂಸ್ಥೆಗೆ ಏನಾಗಬಹುದೆಂದು ಅಂಥ ಹೊತ್ತಿನಲ್ಲಿ ಅರಿವಾಗುತ್ತದೆ. ಅದಲ್ಲದೆ ಸಿಬ್ಬಂದಿ ಎಷ್ಟೇ ಪರಿಣತರಾದರೂ ತಾವೇ ಸಿದ್ಧಪಡಿಸಿದ ಕಡತವನ್ನು ತಾವೇ ಪರೀಕ್ಷಿಸಲಾಗದು.

ಅವಧಿ ಮುಗಿದ ಕುರ್ಚಿಯನ್ನು ಮರುನೇಮಕವೂ ಇಲ್ಲದೆ ಹೊಸ ನೇಮಕವೂ ಇಲ್ಲದೆ ಹಾಗೇ ಬಿಡುವುದು ಇನ್ನೊಂದು ದಾರಿ. ನಾವು ಇದನ್ನು ಚೆನ್ನಾಗಿ ಬಲ್ಲೆವು. 2023ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಸರ್ಕಾರ ಬದಲಾದಾಗ ನಿಗಮ, ಮಂಡಳಿ, ಅಕಾಡೆಮಿಗಳ ನಾಮನಿರ್ದೇಶನಗಳು ಒಟ್ಟಿಗೆ ರದ್ದಾದವು. ಅಕಾಡೆಮಿಗಳಿಗೆ ಹೊಸ ಅಧ್ಯಕ್ಷರು ಬಂದದ್ದು 2024ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಸಹಿ ಹಾಕುವವರು ಅಧಿಕಾರಿಗಳೇ. ನೆರವಿನ ಕ್ಷೇತ್ರದಲ್ಲಿ ಇದಕ್ಕಿಂತ ತೀವ್ರವಾದ ಉದಾಹರಣೆ ಅಮೆರಿಕದ್ದು. ಲ್ಯಾಟಿನ್ ಅಮೆರಿಕದ ಬಡವರಿಗಾಗಿ 1969ರಲ್ಲಿ ಅಲ್ಲಿನ ಸಂಸತ್ತು ಇಂಟರ್-ಅಮೆರಿಕನ್ ಫೌಂಡೇಷನ್ನನ್ನು ಸ್ಥಾಪಿಸಿತು. ಒಂಬತ್ತು ಜನರ ಅದರ ಮಂಡಳಿಯಲ್ಲಿ ಆರು ಮಂದಿ ಸರ್ಕಾರದ ಹೊರಗಿನವರಾಗಿರಬೇಕು, ಎಲ್ಲರಿಗೂ ಸೆನೆಟ್ಟಿನ ಒಪ್ಪಿಗೆ ಬೇಕು. 2025ರ ಫೆಬ್ರವರಿ 19ರ ಅಧ್ಯಕ್ಷೀಯ ಆದೇಶ ಅದನ್ನು ಕನಿಷ್ಠ ಸ್ಥಿತಿಗೆ ಇಳಿಸಹೇಳಿತು. ಮಂಡಳಿಯವರನ್ನು ತೆಗೆದುಹಾಕಿ, ಖಾಲಿ ಕುರ್ಚಿಗೆ ಸರ್ಕಾರದ ಒಬ್ಬನೇ ವ್ಯಕ್ತಿಯನ್ನು ಹಂಗಾಮಿಯಾಗಿ ಕೂರಿಸಿ, ಸಂಸ್ಥೆಯ ಅನುದಾನಗಳನ್ನು ಬಹುತೇಕ ರದ್ದುಮಾಡಲಾಯಿತು. ಹಾಗೆ ಕೂರಿಸುವ ಅಧಿಕಾರ ಅಧ್ಯಕ್ಷರಿಗಿಲ್ಲವೆಂದು ಏಪ್ರಿಲಿನಲ್ಲಿ ಫೆಡರಲ್ ನ್ಯಾಯಾಧೀಶರು ಹೇಳಿದರು. ಕ್ರಮಬದ್ಧವಾಗಿ ತುಂಬಿದ ಕುರ್ಚಿಯೂ ಇಂಥ ಬಲದ ಮುಂದೆ ಎಷ್ಟು ದಿನ ನಿಲ್ಲುತ್ತದೋ ತಿಳಿಯದು. ಖಾಲಿ ಕುರ್ಚಿಯಂತೂ ಒಂದು ದಿನವೂ ನಿಲ್ಲುವುದಿಲ್ಲ.

ಕೊನೆಯದಾಗಿ ಮೂರನೆಯ ಅವಧಿಯ ಮಾತು ಉಳಿದಿದೆ. ಹಸುವಿನ ಲೆಕ್ಕ ಎರಡನೆಯ ಅವಧಿಯನ್ನು ಸಮರ್ಥಿಸುತ್ತದೆ, ಮೂರನೆಯದನ್ನು ಸಮರ್ಥಿಸುವುದಿಲ್ಲ. ತಾನು ಮಂಜೂರು ಮಾಡಿದ್ದರ ಫಲ ನೋಡಲು ಎರಡು ಅವಧಿ ಸಾಕು. ಅಲ್ಲಿಂದ ಮುಂದೆ ಸಂಸ್ಥೆಗಳ ಜೊತೆಗಿನ ಪರಿಚಯ ಸಲಿಗೆಯಾಗುತ್ತದೆ, ಸಿಬ್ಬಂದಿ ಹೇಳಿದ್ದಕ್ಕೆ ತಲೆಯಾಡಿಸುವುದು ಅಭ್ಯಾಸವಾಗುತ್ತದೆ. ತುರ್ತಿನ ಸಂದರ್ಭಗಳು ಬರಬಹುದು: ನಿರ್ದೇಶಕರು ದಿಢೀರನೆ ಇಲ್ಲವಾದಾಗ, ಮೂರು ಕುರ್ಚಿಗಳಲ್ಲಿ ಎರಡು ಒಮ್ಮೆಗೇ ತೆರವಾದಾಗ ಒಂದು ವರ್ಷದ ವಿಸ್ತರಣೆ ಕೊಡಬಹುದು. ಹಾಗೆ ಕೊಡುವಾಗ ಕಾರಣವನ್ನು ಸದನದ ಮುಂದೆ ಬರವಣಿಗೆಯಲ್ಲಿ ಇಡಬೇಕು, ಮತ್ತು ಆ ವರ್ಷದ ಅನುದಾನದ ಅರ್ಜಿಗಳನ್ನು ನಿರ್ಗಮಿಸುವವರೂ ಮುಂದೆ ಬರುವವರೂ ಒಂದೇ ಮೇಜಿನಲ್ಲಿ ಕೂತು ಓದುವಂತೆ ಏರ್ಪಾಡು ಮಾಡಬೇಕು.